ಕೂಲರಿನ ಕೆಳಗ

ಛಾದಾಗ ಹಾಕಲಾಕ ತಗೊಂಡ ಅಲ್ಲದ ತುಂಡಿಗಿ
ಕಣ್ಣು ಬಂದಿತ್ತು, ಹಸರಗ,
ಬೆಕ್ಕಿನ ಮರಿ ಇನ್ನೂ ಬಿಡದಂಥಾ ಕಣ್ಣು.
ಜಜ್ಜಲಾಕ ಕಲ್ಲು ಎತ್ತಿದ ಕೈ ಹಂಗೇ ನಿಂತಿತು.
ಅವತ್ತ ಛಾ ಸಪ್ಪಗೇ ಕುಡದೆ.

ಎಪ್ರಿಲ್ ತಿಂಗಳು. ಕಲಬುರಗಿ ಬಿಸಲು.
ಹಗ್ಗಕ್ಕ ಹಾಕಿದ ಸೀರಿ
ಎರಡನೇ ಚಿಮಟಿ ಹಚ್ಚೋದ್ರಾಗ ಒಣಗಿರ್ತದ.
ಇಂಥಾ ಊರಾಗ ಅಲ್ಲ ಬೆಳೀತೀನಂದ್ರ
ಬ್ಯಾಳಿ ಮಿಲ್ಲಿನಾಗ ಎಲ್ಲಾರೂ ನಕ್ಕರು.
ಹುಮನಾಬಾದ ಕಡಿಯಾಕಿ ತಂಗೆಮ್ಮ ಒಬ್ಬಾಕಿ
ಮಾರಿಗಿ ಹತ್ತಿದ ತೊಗರಿ ಹೊಟ್ಟು ಒರಸಿಕೋತ ಅಂದಳು:
"ಅದಕ್ಕ ನೀರು ಬೇಕು, ನಿಂತ ನೀರು ಬ್ಯಾಡ.
ಬೆಳಕು ಬೇಕು, ಬಿಸಲು ಬ್ಯಾಡ.
ಮನಿಗಿ ಬಂದ ಬೀಗರಂಗ ನೋಡವ್ವ,
ಎಲ್ಲಾ ಬೇಕು, ಯಾವದೂ ಹೆಚ್ಚಾಗಬಾರದು."

ನನ್ನ ಬಾಡಗಿ ಖೋಲಿಗಿ ಅಂಥಾ ಜಾಗ ಎಲ್ಲಿಂದ ಬರಬೇಕು?
ಹಿಂದ ಒಂದು ಸಂದಿ ಅದ,
ಎರಡು ಗ್ವಾಡಿ ಒಂದರ ಉಸರು ಒಂದು ಕೇಳೂವಷ್ಟು ಹತ್ತರ.
ಮ್ಯಾಲ ಖಿಡಕಿಯೊಳಗ ಖುರ್ಷೀದ್ ಆಪಾನ ಕೂಲರು,
ತುಕ್ಕು ತಿಂದ ತಗಡು, ಕೊಳತ ಹುಲ್ಲು,
ಹಗಲೆಲ್ಲಾ ಗುರ್ ಅಂತದ, ಹನಿ ಕೆಡವತದ.
ಆ ಹನಿ ಸಂಬಂಧ ಎರಡು ವರ್ಷ ನಮ್ಮಿಬ್ಬರಿಗಿ ಮಾತಿಲ್ಲ.
ನನ್ನ ಗ್ವಾಡಿ ಸುಣ್ಣ ಉದರ್ತದಂತ ನಾನು.
ನೆಲಕ್ಕ ಬೀಳ್ತದ, ನಿನ್ನ ತಲಿ ಮ್ಯಾಲ ಬೀಳ್ತದೇನು ಅಂತ ಆಕಿ.

ಗೊಬ್ಬರದ ಚೀಲ ಅರ್ಧಕ್ಕ ಮಡಚಿದೆ,
ಮೊಳಿ ಕಾಸಿ ತಳಕ್ಕ ತೂತು ಹೊಡದೆ,
ಕರಿ ಮಣ್ಣು, ಉಸುಕು, ಒಣಗಿದ ಸಗಣಿ,
ಮಿಲ್ಲಿನಿಂದ ಉಡಿಯಾಗ ತಂದ ಹೊಟ್ಟು.
ಕಣ್ಣು ಮ್ಯಾಲ ಮಾಡಿ ತುಂಡು ಮಲಗಿಸಿ
ಎರಡು ಬಟ್ಟಿನಷ್ಟು ಮಣ್ಣು ಹೊಚ್ಚಿದೆ,
ಜಗಳದ ಹನಿ ಬೀಳೂವಲ್ಲೇ ಇಟ್ಟೆ.

ಹತ್ತು ದಿನ. ಇಪ್ಪತ್ತು ದಿನ.
ಕೆದರಿ ನೋಡಲಾಕ ಬಟ್ಟು ತುರಸ್ತಿದ್ದವು.
ಆಮ್ಯಾಲ ಟಿಸಿ ಸುಟ್ಟು ಓಣಿಗೆಲ್ಲಾ ಮೂರು ದಿನ ಕರೆಂಟಿಲ್ಲ.
ಬೈದು ಬೈದು ಮಲಗತಿದ್ದ ನನಗ
ಆ ಗುರ್ ಇಲ್ಲಂತ ನಿದ್ದಿ ಬರಲಿಲ್ಲ.
ಮೂರನೇ ಮುಂಜಾನಿ ಸಂದಿಗಿ ಹೋದ್ರ
ಚೀಲದ ಮಣ್ಣು ಹಸಿ ಅದ.
ಕತ್ತೆತ್ತಿದೆ.
ಖಿಡಕಿಯಿಂದ ಬಳಿ ತುಂಬಿದ ಕೈ,
ಕೈಯಾಗ ತಾಮ್ರದ ತಂಬಗಿ,
ಹನಿ, ಹನಿ, ಕೂಲರಿನ ಹಂಗೇ, ಅವಸರಿಲ್ಲದ.
"ಏನ್ ನೋಡ್ತಿ? ನಮ್ಮ ಅಮ್ಮಿ ಡಾಲ್ಡಾ ಡಬ್ಬ್ಯಾಗ ಬೆಳಸತಿದ್ರು.
ಸುರುವಿದ್ರ ಕೊಳೀತದ."

ಒಂದು ವಾರಕ್ಕ ಮೊಳಕಿ,
ಸುರುಳಿ ಸುತ್ತಿದ ಚೀಟಿ ಹಂಗ,
ಒಳಗ ಏನು ಬರದದಂತ ಯಾರಿಗೂ ಗೊತ್ತಿಲ್ಲ.

ಆಷಾಢದಾಗ ಬಾಡಗಿ ಕೇಳಲಾಕ ಬಂದ ಮಾಲಕ
ಸಂದಿಗಿ ಬ್ಯಾಟರಿ ಹಿಡದು ಗದರಿಸಿದ:
"ಗ್ವಾಡಿಗಿ ಹಚ್ಚಿ ಚೀಲ ಇಟ್ಟೀರಿ, ಯಾರದಿದು?"
ಕೆಳಗಿಂದ ನಾನು, ಮ್ಯಾಲಿಂದ ಆಕಿ,
ಒಂದೇ ಉಸರಿಗಿ:
"ನಂದಲ್ಲ."
ಅಂವ ಒಂದು ತಿಳಕೊಂಡು ಹೋದ.
ನಾವು ಅಂದಿದ್ದು ಇನ್ನೊಂದು.
ಬಾಗಲಾ ಮುಚ್ಚಿ ನಗತಿದ್ದೆ,
ಮ್ಯಾಲಿಂದ ನೆಲಾ ಬಡದು ಆಕೀನೂ ನಗತಿದ್ದಳು.

ಸಂಕ್ರಮಣದ ಹೊತ್ತಿಗಿ ಎಲಿ ಹಳದಿ ಆದವು.
ಚೀಲ ಪರಸಿ ಮ್ಯಾಲ ಬೋರಲ ಹಾಕಿದ್ವಿ,
ಸೆರಗು ಕಟ್ಟಿ, ಬುರ್ಖಾ ಬದಿಗಿಟ್ಟು.
ಮಣ್ಣಿನಾಗಿಂದ ಕೈ ಬಂದಂಗ ಬಂತು,
ಬಟ್ಟಿಗಿ ಬಟ್ಟು ಹುಟ್ಟಿದ ಕೈ.
ನಡುವ ನಾ ಹೂಳಿದ ಆ ತುಂಡು,
ಸುಕ್ಕಾಗಿ, ಟೊಳ್ಳಾಗಿ, ಇನ್ನೂ ಘಾಟು ಬಿಡದ.
ತೂಕ? ಮುಕ್ಕಾಲು ಕಿಲೋನೂ ಇಲ್ಲ.
ಬಜಾರದಾಗ ಕೇಳಿದ್ರ ನಗ್ತಾರ.

ಮಿಲ್ಲಿನ ಧೂಳಿನ ಕೆಮ್ಮು ಹೋಗಿಲ್ಲ ನನಗ.
ಎರಡು ಹೊತ್ತು ಜಜ್ಜಿ ಕುಡೀತೀನಿ, ಹಂಗೇ ಅದ.
ಕಣ್ಣಿದ್ದ ನಾಕು ತುಂಡು ಉಸುಕಿನಾಗ ಇಟ್ಟೀನಿ.

ಬ್ಯಾಸಗಿ ಬರಲತ್ತದ.
ಕೂಲರಿಗಿ ಹೊಸ ಹುಲ್ಲು ಹಾಕಸು ಆಪಾ,
ಅರ್ಧ ರೊಕ್ಕ ನಾ ಕೊಡತೀನಿ ಅಂದೀನಿ.
ಆ ತೂತು ಮಾತ್ರ
ಮುಚ್ಚಸಬ್ಯಾಡ.