ಹದಿನಾರು ಆವರ್ತ

ಸಾಲಗಾಮೆ ರಸ್ತೆಯ ಆಕಾಶವಾಣಿಯಲ್ಲಿ
ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ.
ದಿನಕ್ಕೆ ಮೂರೋ ನಾಲ್ಕೋ.
ಬೂಸಲು ಹಿಡಿದದ್ದನ್ನು ಹತ್ತಿಯಲ್ಲಿ ಒರೆಸಬೇಕು,
ಎಳೆಗೂಸಿನ ಕಿವಿ ಒರೆಸಿದ ಹಾಗೆ.

ಆ ಡಬ್ಬಿಯ ಮೇಲೆ ಇದ್ದದ್ದು ಇಷ್ಟೇ:
ವಾದ್ಯವೃಂದ. ದೆಹಲಿ. ಹನ್ನೆರಡು ನಿಮಿಷ ನಲವತ್ತು ಸೆಕೆಂಡು.
ನಿರ್ದೇಶನ: ಒಂದು ಹೆಸರು, ಅರ್ಧ ಇಲಿ ತಿಂದದ್ದು.
ನುಡಿಸಿದವರು: ಇಪ್ಪತ್ತೇಳು ಮಂದಿ.
ಮಂದಿ ಅಂದರೆ ಬರೀ ಮಂದಿ.

ಯಾರೋ ಹೇಳಿದರು, ಉತ್ತರ ಬಡಾವಣೆಯಲ್ಲಿ ಒಬ್ಬರಿದ್ದಾರೆ,
ದೇವಸಹಾಯಪ್ಪ, ಕ್ಲಾರಿನೆಟ್ಟು,
ಮೊದಲು ಮದುವೆ ಬ್ಯಾಂಡು, ಆಮೇಲೆ ಇಪ್ಪತ್ತಾರು ವರ್ಷ ದೆಹಲಿ.
ಫೋನು ಮಾಡಿದೆ. ಸ್ಕೂಟರಿನಲ್ಲಿ ಬಂದರು,
ಸಂತೆಯ ಆಲೂಗಡ್ಡೆ ಚೀಲದ ಸಮೇತ.
ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಈಗ ಬಿಡಬೇಕಿಲ್ಲ ಸಾರ್, ಅಂದೆ.
"ಅಭ್ಯಾಸ" ಅಂದರು.

ಟೇಪು ತಿರುಗಿತು. ಮೊದಲು ಬಂದದ್ದು ಸಂಗೀತವಲ್ಲ,
ಕುರ್ಚಿ ಕಿರುಗುಟ್ಟಿದ್ದು, ಹಾಳೆ ಮಗುಚಿದ್ದು, ಒಂದು ಕೆಮ್ಮು.
"ಹಬೀಬುಲ್ಲಾ! ದಿಲ್‌ರುಬಾ. ಇದು ಜನವರಿಯ ಕೆಮ್ಮು."
ಆಮೇಲೆ ತಂತಿಗಳೆಲ್ಲ ಷಡ್ಜ ಹುಡುಕತೊಡಗಿದವು.
"ನನ್ನದು ಬಗ್ಗುವ ಶ್ರುತಿಯಲ್ಲ ನೋಡಿ,
ಬೈದುಕೊಂಡೇ ಎಲ್ಲರೂ ನನ್ನ ಹತ್ತಿರ ಬರಬೇಕಿತ್ತು."

ಚಳಿಗೆ ಮೃದಂಗಕ್ಕೊಂದು ಹೀಟರು, ಮನುಷ್ಯರಿಗೆ ಚಹಾ.
ಸರೋದಿನವನಿಗೆ ಬರೆದದ್ದು ಓದಲು ಬಾರದು,
ಗೋವೆಯ ಪಿಟೀಲಿನವನಿಗೆ ಬರೆಯದಿದ್ದರೆ ಕೈಯೇ ಏಳದು.
ನಡುವೆ ಒಬ್ಬ ಪುಣ್ಯಾತ್ಮ ರಾತ್ರಿಯಿಡೀ ಕೂತು
ಒಂದೇ ರಾಗವನ್ನು ಮೂರು ಲಿಪಿಯಲ್ಲಿ ನಕಲು ಮಾಡುತ್ತಿದ್ದನಂತೆ.
ಬೆಳಿಗ್ಗೆ ಅವನ ಬೆರಳೆಲ್ಲ ಶಾಯಿ.

ನಿಮ್ಮದು ಎಲ್ಲಿ ಬರುತ್ತೆ ಸಾರ್?
"ಬರುತ್ತೆ. ಅದಕ್ಕೆ ಮುಂಚೆ ಹದಿನಾರು ಆವರ್ತ ಸುಮ್ಮನಿರಬೇಕು.
ಸಂಬಳ ಕೊಡ್ತಿದ್ದದ್ದೇ ಅದಕ್ಕೆ ಅಂತ ಕಾಣುತ್ತೆ.
ನುಡಿಸೋದನ್ನ ಬ್ಯಾಂಡಿನಲ್ಲೇ ಕಲಿತಿದ್ದೆ."

ಹೆಬ್ಬೆರಳು ಕಿರುಬೆರಳ ಬುಡಕ್ಕೆ ಹೋಯಿತು.
ನಾಲ್ಕು ಬೆರಳು, ಬೆರಳಿಗೆ ನಾಲ್ಕು ಮನೆ.
ಪಿಟೀಲುಗಳು ಒಂದರ ಭುಜದ ಮೇಲೊಂದು ಏರುತ್ತಿದ್ದವು.
ಹೊರಗೆ ಬೇಲೂರಿನ ಬಸ್ಸು ಹಾರ್ನು ಹಾಕಿತ್ತೇನೋ,
ಆ ಕೋಣೆಯ ಗೋಡೆ ಒಳಗೆ ಬಿಡಲಿಲ್ಲ.
ಹನ್ನೆರಡು. ಹದಿಮೂರು.
ಹದಿನೈದಕ್ಕೆ ಬೆನ್ನು ನೆಟ್ಟಗಾಯಿತು,
ಹಲ್ಲಿಲ್ಲದ ತುಟಿ ಒಳಗೆ ಮಡಚಿ ಉಸಿರು ತುಂಬಿಕೊಂಡರು.
ಹದಿನಾರು.

ಬಂದದ್ದು ಕೊಳಲು.

ಮುಖ ನೋಡಿದೆ. ಉಸಿರನ್ನು ಚೂರು ಚೂರೇ ಬಿಡುತ್ತಿದ್ದರು.
"ಅವತ್ತು ತಪ್ಪಿದೆ.
ಎದುರಿಗೆ ಚೆಲ್ಲೋದವನು. ಬೂಟು ಹೊರಗೆ ಬಿಟ್ಟಿದ್ದಾನಲ್ಲ,
ಕಾಲುಚೀಲ ಹರಿದು ಹೆಬ್ಬೆಟ್ಟು ಆಚೆ ಬಂದಿದೆ,
ಅದೂ ತಾಳ ಹಾಕ್ತಿದೆ! ಅದನ್ನೇ ನೋಡ್ತಾ ಕೂತುಬಿಟ್ಟೆ.
ನೇರ ಪ್ರಸಾರ. ಮೇಲೆ ಕೆಂಪು ದೀಪ.
ದೇಶವೆಲ್ಲ ಕೇಳ್ತಿದೆ ಅಂತ ಲೆಕ್ಕ.
ಪಕ್ಕದಲ್ಲಿ ವರದಾಚಾರ್ರು, ನನ್ನ ಕಡೆ ತಿರುಗಲೂ ಇಲ್ಲ,
ನನ್ನ ಏಳು ಸ್ವರ ತಾವೇ ಎತ್ತಿಕೊಂಡರು.
ಎಂಟನೆಯದರಿಂದ ನಾನು."

ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದೆ. ಹೌದು,
ಕೊಳಲಿನ ಕೊನೆಗೆ, ತಡವಾಗಿ ಪಂಕ್ತಿಗೆ ಬಂದವನ ಹಾಗೆ
ತಲೆ ತಗ್ಗಿಸಿ ಕೂತ ಕ್ಲಾರಿನೆಟ್ಟು.

ಆಮೇಲೆ ಏನಂದರು ಅವರು?
"ಏನಿಲ್ಲ. ಕ್ಯಾಂಟೀನಿನಲ್ಲಿ ಚಹಾದ ದುಡ್ಡು ನನ್ನಿಂದ ಕೊಡಿಸಿದರು.
ಎರಡು ದಿನ."

ಗದ್ದಲ ತೆಗೆಯಲೇ ಎಂದು ಕಂಪ್ಯೂಟರು ಕೇಳಿತು,
ಕುರ್ಚಿ, ಹಾಳೆ, ಜನವರಿ. ಬೇಡ ಎಂದು ಒತ್ತಿದೆ.
ಕಲಾವಿದರು ಎಂಬಲ್ಲಿ ಅವರು ಒಂದೊಂದೇ ಹೆಸರು ಹೇಳಿದರು.
ಹತ್ತೊಂಬತ್ತಕ್ಕೆ ನಿಂತಿತು.
"ವಾದ್ಯ ನೆನಪಿದೆ, ಕೂತ ಜಾಗ ನೆನಪಿದೆ.
ಆ ಹೆಬ್ಬೆಟ್ಟಂತೂ ಇಲ್ಲೇ ಇದೆ, ಕಣ್ಣೆದುರಿಗೆ.
ಹೆಸರು..."

ಚೆಲ್ಲೋ ಮುಂದಿನ ಜಾಗ ಖಾಲಿ ಬಿಡಲು ಯಂತ್ರ ಒಪ್ಪಲಿಲ್ಲ.
ನಾನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೂತೆ.
ಅವರು ಕಿರುಬೆರಳ ಬುಡದಿಂದ
ಮತ್ತೆ ಎಣಿಸತೊಡಗಿದರು.