ಮುಷ್ಟಿಯಷ್ಟು ಬರಫು

ಎಳ್ಳಮಾಸಿ ಮುಗಿದು ಮೂರನೆಯ ದಿನ.
ಬೋನಾಳ ಕೆರೆಯ ಏರಿಯ ಮೇಲೆ
ಇಪ್ಪತ್ತೇಳು ಮಕ್ಕಳು, ನಾನು, ಲಾಲಸಾಬ,
ಮತ್ತೆ ಅವನ ಮೂರು ಕಾಲಿನ ದುರ್ಬೀನು.
ಬೆಳಕು ಇನ್ನೂ ಹರಿದಿಲ್ಲ.
ಬಾಯಿ ತೆರೆದರೆ ಹೊಗೆ.
ಹುಡುಗರು ಬೆಂಕಿಯಿಲ್ಲದ ಬೀಡಿ ಸೇದಿದರು.
ಗದರಿಸಲು ಹೋದೆ,
ನನ್ನ ಬಾಯಿಂದಲೂ ಹೊಗೆ ಬಂತು.

"ಮಾತು ಬ್ಯಾಡ. ಕೆಮ್ಮು ಬಂದ್ರ ತೋಳಿನ್ಯಾಗ ಕೆಮ್ರಿ.
ಏ, ಕೆಂಪು ಜರ್ಕಿನ್, ಯಾರ ಮಗ ನೀ?
ತಿರುವಿ ಹಾಕ್ಕೋ ಅದನ್ನ."
ಮರೆಪ್ಪ ಒಳಮೈ ಹೊರಗೆ ಮಾಡಿ ತೊಟ್ಟ:
ಬೂದು ಅಸ್ತರು, ಜೋತುಬಿದ್ದ ದಾರ,
ಎದೆಯ ಮೇಲೆ ಹೊಲಿಗೆಯಲ್ಲಿ ಉಲ್ಟಾ ಕಾಣುವ
ಯಾವುದೋ ಕಂಪನಿಯ ಹೆಸರು.

ಆಮೇಲೆ ಕೆರೆ ತನ್ನಷ್ಟಕ್ಕೆ ಮೂಡತೊಡಗಿತು.
ಮೊದಲು ಜಾಲಿಗಿಡ, ಆಮೇಲೆ ನೀರು,
ನೀರಿನಂಚಿಗೆ ಸಾಲು ಸಾಲು ಕಲ್ಲು.
ಕಲ್ಲುಗಳು ಕತ್ತು ಎತ್ತಿದವು.

"ಪಟ್ಟೆತಲಿ ಬಾತು," ಅಂದ ಲಾಲಸಾಬ,
ಬೀಗರ ಗುರುತು ಹೇಳುವ ದನಿಯಲ್ಲಿ.
"ತಲಿ ಹಿಂದ ಎರಡು ಕರೇ ಗೆರಿ, ಎಣಿಸ್ರಿ.
ಹಿಮದ ಗುಡ್ಡ ದಾಟಿ ಬಂದಾವ.
ರಾತ್ರಿ ನಮ್ಮ ಶೇಂಗಾ ತಿಂತಾವ, ಹಗಲು ಇಲ್ಲಿ ಮಕ್ಕೋತಾವ."
"ನಮ್ಮಪ್ಪ ಬೈತಾನ್ರಿ ಅವಕ್ಕ," ಹಿಂದಿನಿಂದ ಯಾರೋ.
"ಬೈಲಿ. ಅವಕ್ಕ ಕನ್ನಡ ಬರಂಗಿಲ್ಲ."

ಸಾಲಿನ ಕೊನೆಗೆ ದೇವಕೆಮ್ಮ,
ಪಿಸುಮಾತು ಅಂದರೇನೆಂದೇ ತಿಳಿಯದ ಹುಡುಗಿ:
"ಹಿಮ ಅಂದ್ರ ಹ್ಯಾಂಗ ಇರ್ತದರಿ?"

ತರಗತಿಯಲ್ಲಿ ಬರೆಸಿದ್ದೆ.
ನೀರಿನ ಘನರೂಪ, ಬಿಳಿ, ತಂಪು. ಎರಡು ಅಂಕ.
ಲಾಲಸಾಬ ನನ್ನ ಮುಖ ನೋಡಿದ.
ನಾನು ಕೆರೆ ನೋಡಿದೆ.

"ಹಿಮ ನಾ ನೋಡಿಲ್ಲವ್ವ. ಬರಫ್ ತಂದೀನಿ.
ನಮ್ಮಕ್ಕನ ನಿಕಾಹ, ಸುಡು ಬ್ಯಾಸಗಿ, ಶರಬತ್ತಿಗಂತ
ಸುರಪುರದಿಂದ ಸೈಕಲ್ ಮ್ಯಾಲ.
ಹೊಟ್ಟು ತುಂಬಿ, ಗೋಣಿಚೀಲ ಸುತ್ತಿ,
ಕೂಸಿಗೆ ಹೊಚ್ಚಿದಂಗ ಹೊಚ್ಚಿ ಕಟ್ಟಿದ್ದೆ.
ಹಿಂದ ತಿರುಗಿ ನೋಡಿದ್ರ
ರಸ್ತಾದ ಮ್ಯಾಲ ನೀರಿನ ಒಂದು ಗೆರಿ.
ನೋಡ್ ನೋಡ್ತಾ ಅದೂ ಆರ್ತಿತ್ತು.
ಮನಿ ಮುಟ್ಟಿದಾಗ ಉಳಿದದ್ದು ಇಷ್ಟ."
ಮುಷ್ಟಿ ಹಿಡಿದು ತೋರಿಸಿದ.
"ಶರಬತ್ತಿಗೆ ಹಾಕ್ಲಿಲ್ಲ. ನಮ್ಮಜ್ಜಿ ಇಸಗೊಂಡು
ಕೈಯಾಗ ಹಿಡ್ಕೊಂಡು ಕುಂತಳು.
ಮುಗಿಯೂತನಕ ಯಾರಿಗೂ ಕೊಡ್ಲಿಲ್ಲ."

ಮುಷ್ಟಿ ಹಾಗೇ ಇತ್ತು ಗಾಳಿಯಲ್ಲಿ.
ಇಪ್ಪತ್ತೇಳು ಮಕ್ಕಳೂ ಅದನ್ನೇ ನೋಡುತ್ತಿದ್ದರು,
ಎರಡು ಸಾವಿರ ಹರದಾರಿ ಹಾರಿ ಬಂದವರ ಕಡೆಗೆ ಬೆನ್ನು ಮಾಡಿ.

ದುರ್ಬೀನಿಗೆ ಪಾಳಿ. ಒಬ್ಬೊಬ್ಬರಿಗೆ
ಹತ್ತು ಎಣಿಸುವಷ್ಟು ಹೊತ್ತು.
ಇಪ್ಪತ್ತಾರು ಮಂದಿ ಕಣ್ಣಿಟ್ಟು ತೆಗೆದರು.
ದೇವಕೆಮ್ಮ ಬಗ್ಗಿದಳು.
ಕಾಲುವೆಯ ದಾರಿಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರು
ಸುಮ್ಮನೆ, ಯಾರಿಗೂ ಅಲ್ಲದೆ, ಹಾರ್ನ್ ಹೊಡೆಯಿತು.

ಬಾತುಗಳು ಎದ್ದವು.
ಒಮ್ಮೆಲೇ ಅಲ್ಲ,
ಜಮಖಾನೆಯ ಒಂದು ಮೂಲೆ ಹಿಡಿದು ಎತ್ತಿದ ಹಾಗೆ,
ಮೂಲೆಯಿಂದ ಮೂಲೆಗೆ, ಧೂಳಿನ ಬದಲು ಕೂಗು.
ನಮ್ಮೆಲ್ಲರ ಕುತ್ತಿಗೆಗಳೂ ಆಕಾಶಕ್ಕೆ.
ದೇವಕೆಮ್ಮನದು ಮಾತ್ರ ಇಲ್ಲ.
ಪಾಳಿ ಅವಳದು. ಕಣ್ಣು ತೆಗೆಯದೆ
ಹತ್ತರವರೆಗೆ ಗಟ್ಟಿಯಾಗಿ ಎಣಿಸಿದಳು.

"ಏನ್ ಕಾಣ್ತವ್ವ?"
"ನೀರು ಅಳ್ಳಾಡಾಕ್ಹತ್ತದ್ರಿ. ಇನ್ನಾ ನಿಂತಿಲ್ಲ."

ಲಾಲಸಾಬನ ರಿಜಿಸ್ಟರು ಇಲಾಖೆಯದು.
ತಾರೀಖು, ವೇಳೆ, ಸಂಖ್ಯೆ: ಮುನ್ನೂರ ಹನ್ನೊಂದು, ಅಂದಾಜು.
ಷರಾ ಅನ್ನುವ ಕಡೆಯ ಅಂಕಣ
ಹಿಂದಿನ ಹಾಳೆಗಳಲ್ಲೆಲ್ಲ ಖಾಲಿ.
ಪೆನ್ನನ್ನು ಅಂಗೈಗೆ ತಿಕ್ಕಿ ಬಿಸಿಮಾಡಿ
ನಿಧಾನಕ್ಕೆ ಬರೆದ:
ನೀರು ಇನ್ನೂ ನಿಂತಿಲ್ಲ.

ಏರಿಯ ಕೆಳಗೆ ಕೂತು
ಹಬ್ಬದಲ್ಲಿ ಉಳಿದ ಸಜ್ಜೆ ರೊಟ್ಟಿ ಮುರಿದೆವು.
ಕಟಕಟ ಸದ್ದಿಗೆ ಲಾಲಸಾಬ ಅಭ್ಯಾಸಬಲದಿಂದ
ಶ್, ಅಂದ.
ಕೆರೆಯಲ್ಲಿ ಯಾರೂ ಇರಲಿಲ್ಲ.
ನಾವು ಮೆಲ್ಲಗೆ ಅಗಿದೆವು.