ಎಪ್ಪತ್ತೆರಡು ಪ್ರಶ್ನೆಗಳ ಕಾಗದ

ಟಿಬಿಲಿಸಿಯಿಂದ ಬಂದ ಹುಡುಗನ ಬೂಟಿಗೆ
ನಮ್ಮ ಕಣಿವೆಯ ಮ್ಯಾಂಗನೀಸ್ ಧೂಳು ಇನ್ನೂ ಹತ್ತಿರಲಿಲ್ಲ.
ಹಂಚಿದ: ಎಪ್ಪತ್ತೆರಡು ಪ್ರಶ್ನೆ, ತಲೆಗೊಂದು ಪೆನ್ಸಿಲು.
"ಜನ ತುಂಬಿದ ಕೋಣೆಯಿಂದ ಹೊರಬಂದಾಗ
ನಿಮಗೆ ಹುರುಪೋ, ದಣಿವೋ?"
ರೋಪ್‌ವೇಯ ಗಾಲಿಮನೆಯಲ್ಲಿ ನಾವು ಒಂಬತ್ತು ಮಂದಿ
ಗ್ರೀಸು ಮೆತ್ತಿದ ಕೈಯಲ್ಲೇ ಗುರುತು ಹಾಕಿದೆವು.

ಎತೇರಿ ಮಾತ್ರ ಕಾಗದವನ್ನು ನಾಲ್ಕಾಗಿ ಮಡಿಸಿ
ಕುಂಟುತ್ತಿದ್ದ ಬೆಂಚಿನ ಕಾಲಡಿ ತೂರಿಸಿದಳು.
ಹುಡುಗ ಇನ್ನೊಂದು ಕೊಟ್ಟ. ಅದನ್ನು ತುಂಬಿದಳು.
ವಾರ ಕಳೆದು ಬಂತು ತೀರ್ಪು:
"ಅಂತರ್ಮುಖಿ. ನಾಯಕತ್ವಕ್ಕೆ ತರಬೇತಿ ಅಗತ್ಯ."
ಅವಳು ನಮ್ಮ ಪಾಳಿಯ ಮುಖ್ಯಸ್ಥೆಯಾಗಿ
ಅಷ್ಟರಲ್ಲಿ ಹನ್ನೊಂದು ವರ್ಷ.

ಅವಳಿಗೆ ಮುಂಚೆ ಗುರಾಮ್ ಇದ್ದ.
ನಮ್ಮ ಔತಣದ ಮೇಜಿಗೊಬ್ಬ ತಮಾದಾ ಇರುತ್ತಾನಲ್ಲ,
ಹೊಗಳಿ ಹೊಗಳಿ ಎಲ್ಲರ ಲೋಟ ಎತ್ತಿಸುವವನು,
ಪಾಳಿಗೆ ಅವನು ಹಾಗೆ.
ಬೈದರೆ ಎದುರು ಬೆಟ್ಟ ಓಗೊಡಬೇಕು,
ಬೈದ ಬಾಯಲ್ಲೇ ಕೆನ್ನೆಗೆ ಮುತ್ತಿಡಬೇಕು.
ನಾನೂ ಅದೇ ಅಚ್ಚಿನ ಇಟ್ಟಿಗೆ,
ನಾಲಿಗೆಗೆ ಬ್ರೇಕಿಲ್ಲದವನು.

ಎತೇರಿ ಬಂದ ಮೇಲೆ ಗಾಲಿಮನೆಯಲ್ಲಿ
ಗಾಲಿಯ ಸದ್ದು ಮೊದಲ ಸಲ ಕೇಳಿಸಿತು.
ಬೆಳಿಗ್ಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ
ಹೆಸರು, ಕಂಬದ ನಂಬರು.
ಮುಗಿಯಿತು ಭಾಷಣ.
ಎರಡು ವರ್ಷ ನಾನು ನಂಬಿದ್ದೆ
ಈ ಹೆಂಗಸಿಗೆ ನನ್ನ ಕಂಡರೆ ಆಗದು ಅಂತ.
ಹೆಂಡತಿಯ ಹತ್ತಿರ ಗೋಳಾಡಿದರೆ,
"ನಿನ್ನ ಮಾತಿನಲ್ಲಿ ಸಂದು ಸಿಕ್ಕರೆ ತಾನೆ ಅವಳು ಆಡೋದು!"

ಅಮ್ಮ ಸತ್ತಾಗ ಎಲ್ಲರೂ ಬಂದು ಅತ್ತರು.
ಅವಳು ಹೊಸಿಲ ತನಕ ಬಂದು ತಿರುಗಿದಳು.
ಆಮೇಲೆ ನಲವತ್ತು ದಿನ ಹಲಗೆಯ ಮೇಲೆ
ನನ್ನ ಹೆಸರಿನ ಮುಂದೆ ಒಂದನೇ ಕಂಬ,
ಸ್ಮಶಾನದ ಬೇಲಿಗೆ ತಾಗಿದ್ದು.
ಆ ಲೆಕ್ಕ ನನಗೆ ಹೊಳೆದದ್ದು ಮುಂದಿನ ವರ್ಷ.

ಆದರೆ ಮಾಲ್ಖಾಜ್ ಬಿಟ್ಟು ಹೋದ.
ಎಳೆಯ ಹುಡುಗ, ಒಳ್ಳೆಯ ಕೈ.
"ಚೆನ್ನಾಗಿ ಮಾಡಿದೆ", ಎರಡೇ ಪದ ಸಾಕಿತ್ತು ಅವನಿಗೆ.
ಅವಳಲ್ಲಿ ಇರಲಿಲ್ಲ.
ಇತ್ತೇನೋ, ಗಂಟಲು ದಾಟಲಿಲ್ಲ.
ಅವನ ಕೊಕ್ಕೆಗೆ ಇನ್ನೊಬ್ಬರ ಕೋಟು ತೂಗಲು
ಅವಳು ಬಹಳ ದಿನ ಬಿಡಲಿಲ್ಲ.
ಅದರಿಂದ ಅವನಿಗೇನು ಬಂತು?

ಫೆಬ್ರವರಿಯ ಗಾಳಿಗೆ ಒಮ್ಮೆ ತೊಟ್ಟಿಲು ನಿಂತಿತು,
ಮೂರು ನಾಲ್ಕನೇ ಕಂಬಗಳ ನಡುವೆ,
ಒಳಗೆ ಐದು ಜೀವ, ಒಂದು ಮೂಟೆ ಹಿಟ್ಟು.
ನಾವೆಲ್ಲ ಒಟ್ಟಿಗೇ ಮಾತಾಡಿದೆವು.
ಅವಳು ಕೈಗವಸು ಕಳಚಿ
ಉಕ್ಕಿನ ಮಿಣಿಯ ಮೇಲೆ ಅಂಗೈ ಇಟ್ಟಳು,
ನಾಡಿ ಹಿಡಿದಂತೆ.
ನಾನು ಕಿರುಚಿದೆ: "ಏನಾದರೂ ಹೇಳು ಮಾರಾಯ್ತಿ!"
ಹೇಳಿದಳು:
"ಹಿಂದಕ್ಕೆ. ಕೈಯಿಂದ ಸುತ್ತಿ."

ನಾಲ್ಕು ಗಂಟೆ ಸುತ್ತಿದೆವು.
ಅಷ್ಟೂ ಹೊತ್ತು ಅವಳ ಕಿವಿಗೂ ಹೆಗಲಿಗೂ ನಡುವೆ
ತೊಟ್ಟಿಲಿನ ಫೋನು.
ಇಳಿದು ಬಂದ ಮುದುಕಿ ಕೇಳಿದಳು:
"ಯಾರಮ್ಮ ಅದು? ಒಂದು ಮಾತಿಲ್ಲ,
ಬರೀ ಉಸಿರು. ಆದರೆ ಫೋನು ಇಡಲಿಲ್ಲ ನೋಡು."

ಈ ಶರತ್ಕಾಲಕ್ಕೆ ಅವಳಿಗೆ ಪಿಂಚಣಿ.
ಸೀಮೆಸುಣ್ಣ ನನ್ನ ಕೈಗೆ ಬಂತು.
ಸೋಮವಾರದಿಂದ ನಾನೂ ಮೌನ ಹಿಡಿದೆ.
ಬುಧವಾರ ಜುಂಬೇರ್ ಬಿಸಿ ಸಾರು ತಂದಿಟ್ಟು
ಮೆಲ್ಲಗೆ ಕೇಳಿದ: "ಹಲ್ಲುನೋವಾ?"

ಗುರುವಾರ ಬಿಟ್ಟುಕೊಟ್ಟೆ.
ಈಗ ತೊಟ್ಟಿಲು ನಿಂತರೆ ಫೋನೆತ್ತಿ
ಹೆಂಡತಿಯ ಉಪ್ಪಿನಕಾಯಿ, ನನ್ನ ಮಂಡಿ, ಗುರಾಮನ ಮದುವೆ,
ಬಾಯಿಗೆ ಬಂದದ್ದೆಲ್ಲ ಹೇಳುತ್ತಲೇ ಇರುತ್ತೇನೆ.
ತಾಳಲಾರದೆ ಕೆಲವರು ಆ ತುದಿಯಲ್ಲಿ
ಇಟ್ಟೇಬಿಡುತ್ತಾರೆ.

ಇಡಲಿ.
ನಾನು ಇಡುವುದಿಲ್ಲ.